ಹುಂಜದ ಕಾಲಿನ ಮುಳ್ಳು: ತೀರ್ಮಾನ ಯಾರದ್ದು?

ಹಾಲು ಒಕ್ಕೂಟದ ಪತ್ರಿಕೆಯಲ್ಲಿ ಕೋಳಿಯ ಮಾತು ಯಾಕೆ ಎಂದು ಕೇಳುವವರು ಇರಬಹುದು. ಅವರು ನಮ್ಮ ಬೆಳ್ತಂಗಡಿ ಕಡೆಯ ಯಾವುದಾದರೂ ಹೈನುಗಾರರ ಮನೆಗೆ ಬೆಳಗ್ಗೆ ಆರು ಗಂಟೆಗೆ ಬಂದು ನೋಡಲಿ. ನಾರಾವಿಯಿಂದ ಕೊಕ್ಕಡದವರೆಗೆ ಎಲ್ಲಿಗೆ ಹೋದರೂ ಕಾಣುವುದು ಹೆಚ್ಚುಕಡಿಮೆ ಒಂದೇ. ಹಟ್ಟಿಯಲ್ಲಿ ಒಂದೆರಡು ಮಿಶ್ರತಳಿ ದನ, ಒಂದು ಕರು, ಹಟ್ಟಿಯ ಗೋಡೆಗೆ ತಾಗಿಕೊಂಡು ಕೋಳಿಗೂಡು. ಹಾಲು ಕರೆದು ಕ್ಯಾನು ಹಿಡಿದು ಸಂಘಕ್ಕೆ ಓಡುವವಳೂ ಅವಳೇ, ಗೂಡಿನ ಬಾಗಿಲು ತೆಗೆದು ಒಂದು ಹಿಡಿ ನುಚ್ಚು ಚೆಲ್ಲುವವಳೂ ಅವಳೇ. ಹಾಲಿನ ಹಣ ಬ್ಯಾಂಕ್ ಖಾತೆಗೆ ಬರುತ್ತದೆ, ಹಿಂಡಿಯ ಬಾಕಿ, ಸಾಲದ ಕಂತು ಎಂದು ಅಲ್ಲಿಂದಲೇ ಹೋಗುತ್ತದೆ. ಕೈಯಲ್ಲಿ ನೋಟಾಗಿ ಸಿಗುವುದು ಮೊಟ್ಟೆಯ ಹಣ, ಊರ ಕೋಳಿ ಮಾರಿದ ಹಣ. ಮಕ್ಕಳ ಪುಸ್ತಕಕ್ಕೆ, ಬಸ್ಸಿಗೆ, ಯಾರದೋ ಮದುವೆಯ ಮುಯ್ಯಿಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣ ಅದೊಂದೇ ಎಂದು ಹೇಳುವ ಎಷ್ಟೋ ಅಕ್ಕಂದಿರು ನಮ್ಮ ಸಂಘಗಳಲ್ಲಿ ಇದ್ದಾರೆ. ಹಾಗಾಗಿ ಕೋಳಿಗೂಡಿನ ಸಮಸ್ಯೆ ಹೈನುಗಾರ ಮಹಿಳೆಯ ಸಮಸ್ಯೆಯೇ.

ಇವತ್ತು ನಾನು ಹೇಳಹೊರಟದ್ದು ಆ ಗೂಡಿನ ಒಂದು ಸಣ್ಣ ವಿಷಯ. ಹುಂಜದ ಕಾಲಿನ ಹಿಂಬದಿಯಲ್ಲಿ, ಒಳಮಗ್ಗುಲಿಗೆ ಬೆಳೆಯುವ ಮುಳ್ಳು. ಸಣ್ಣದು ಎಂದು ಎಲ್ಲರೂ ಬಿಟ್ಟುಬಿಡುವ ಕಾರಣಕ್ಕೇ ಅದು ದೊಡ್ಡದಾಗುತ್ತದೆ, ಮಾತಿನಲ್ಲೂ, ಅಳತೆಯಲ್ಲೂ.

ಮುಳ್ಳು ಎಂದರೇನು ಎಂದು ತಿಳಿಯಲು ದನದ ಕೊಂಬನ್ನು ನೋಡಿದರೆ ಸಾಕು. ಕೊಂಬಿನ ಹೊರಗೆ ಉಗುರಿನಂಥ ಗಟ್ಟಿ ಚಿಪ್ಪು, ಒಳಗೆ ಜೀವವಿರುವ ಎಲುಬು. ಹುಂಜದ ಮುಳ್ಳಿನ ರಚನೆಯೂ ಹಾಗೆಯೇ. ಹೊರಗಿನ ಕವಚ ನಮ್ಮ ಉಗುರಿನ ಜಾತಿಯದ್ದು, ಕತ್ತರಿಸಿದರೆ ನೋವಿಲ್ಲ. ಒಳಗಿನ ತಿರುಳು ಎಲುಬು, ಅದರ ಸುತ್ತ ರಕ್ತನಾಳವೂ ನರವೂ ಇವೆ. ಮರಿಯಾಗಿದ್ದಾಗ ಅದೊಂದು ಸಣ್ಣ ಹುರುಪೆಯಷ್ಟೇ. ನಾಲ್ಕೈದು ತಿಂಗಳಿಗೆ ಗುಬುಟು, ವರ್ಷ ದಾಟುವಾಗ ಮೊನೆ. ಆಮೇಲೆ ಹುಂಜ ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ಮೂರು ನಾಲ್ಕು ವರ್ಷದ ಹುಂಜದಲ್ಲಿ ಕಿರುಬೆರಳಿನಷ್ಟು ಉದ್ದ ಆಗಿ ಬಾಗುವುದೂ ಉಂಟು, ಬಾಗಿ ಅದರದೇ ಕಾಲಿಗೆ ಒತ್ತುವುದೂ ಉಂಟು. ಅಂಥ ಹುಂಜ ಕಾಲಗಲಿಸಿ ನಡೆಯುತ್ತದೆ. ಮನೆಯವರು ಅದನ್ನು ಗತ್ತು ಎಂದುಕೊಳ್ಳುತ್ತಾರೆ. ಪ್ರಾಯವಾದ ಕೆಲವು ಹೇಂಟೆಗಳಿಗೂ ಸಣ್ಣ ಮುಳ್ಳು ಬರುತ್ತದೆ, ಅದೇನೂ ಅಪಶಕುನ ಅಲ್ಲ.

ಈ ಮುಳ್ಳಿನಿಂದ ಮೊದಲು ಕಷ್ಟಪಡುವುದು ಹೇಂಟೆ. ಹುಂಜ ಮೇಲೇರುವಾಗ ಕುತ್ತಿಗೆಯ ಗರಿಯನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದು, ಬೆನ್ನಿನ ಮೇಲೆ ಎರಡೂ ಕಾಲೂರಿ ನಿಲ್ಲುತ್ತದೆ. ಭಾರದ ಹುಂಜವಾದರೆ ಕಾಲು ಜಾರುತ್ತದೆ. ಜಾರಿದ ಕಾಲಿನ ಉಗುರೂ ಮುಳ್ಳೂ ಹೇಂಟೆಯ ಪಕ್ಕೆಯನ್ನು ಸೀಳುತ್ತವೆ. ಈ ಗಾಯ ಹೊರಗೆ ಕಾಣುವುದಿಲ್ಲ, ರೆಕ್ಕೆಯ ಕೆಳಗೆ ಗರಿಯ ಮರೆಯಲ್ಲಿ ಇರುತ್ತದೆ. ಹೇಂಟೆ ಮಂಕಾಗಿ ಮೂಲೆ ಹಿಡಿದಾಗ ನಾವು ಕೊಕ್ಕರೆ ರೋಗ ಇರಬೇಕು ಎನ್ನುತ್ತೇವೆ, ಮೊಟ್ಟೆ ನಿಂತರೆ ಹಾವು ಹೆದರಿಸಿರಬೇಕು ಎನ್ನುತ್ತೇವೆ. ಎತ್ತಿ ರೆಕ್ಕೆ ಬಿಡಿಸಿ ನೋಡುವವರು ಕಡಿಮೆ. ಮಳೆಗಾಲದಲ್ಲಿ ಆ ಸೀಳಿಗೆ ನೊಣ ಕೂತು ಎರಡೇ ದಿನದಲ್ಲಿ ಹುಳ ಆಗುತ್ತದೆ. ಹುಳ ಕಂಡ ಮೇಲೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಬರೀ ಸೀಳಾದರೆ ಉಪ್ಪುನೀರಿನಲ್ಲಿ ತೊಳೆದು, ಅರಸಿನ ಹಾಕಿ, ಅಂಚಿಗೆ ಬೇವಿನೆಣ್ಣೆ ಸವರಿ, ಒಣಗುವವರೆಗೆ ಬುಟ್ಟಿಯಡಿ ಬೇರೆ ಇಡುವುದು. ಒಟ್ಟಿಗೆ ಬಿಟ್ಟರೆ ಉಳಿದ ಕೋಳಿಗಳು ರಕ್ತದ ಬಣ್ಣ ಕಂಡು ಅಲ್ಲಿಯೇ ಕುಕ್ಕುತ್ತವೆ.

ಆಮೇಲೆ ನಾವು, ನಮ್ಮ ಮಕ್ಕಳು. ಹಟ್ಟಿಯಿಂದ ಸಗಣಿ ಬುಟ್ಟಿ ಹೊತ್ತು ಹೊರಡುವಾಗ ಹಿಂದಿನಿಂದ ಹಾರಿ ಮೀನಖಂಡಕ್ಕೆ ಚುಚ್ಚಿದ ಹುಂಜದ ಕತೆ ಪ್ರತಿ ಊರಲ್ಲೂ ಇದೆ, ನಗುತ್ತಲೇ ಹೇಳುತ್ತೇವೆ. ನಗುವ ವಿಷಯ ಅಲ್ಲ. ಮುಳ್ಳಿನ ಗಾಯ ಮೇಲೆ ಸಣ್ಣ ತೂತು, ಒಳಗೆ ಆಳ. ಹುಂಜ ಕೆದಕುವುದು ಸಗಣಿ ಗೊಬ್ಬರದಲ್ಲಿ, ಆ ಮಣ್ಣು ಮುಳ್ಳಿನ ಜೊತೆಗೇ ಒಳಗೆ ಹೋಗುತ್ತದೆ. ಧನುರ್ವಾಯುವಿನ ರೋಗಾಣು ಇರುವುದೂ ಅಂಥ ಮಣ್ಣಿನಲ್ಲೇ, ಬೆಳೆಯುವುದೂ ಗಾಳಿಯಾಡದ ಅಂಥ ಆಳದ ಗಾಯದಲ್ಲೇ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹತ್ತು ನಿಮಿಷ ತೊಳೆಯಬೇಕು. ಹಿಂದೆ ಟಿ.ಟಿ. ಚುಚ್ಚುಮದ್ದು ಯಾವಾಗ ಆಗಿದೆ ಎಂದು ನೆನಪಿಲ್ಲದಿದ್ದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಬೇಕು. ಸಕ್ಕರೆ ಕಾಯಿಲೆಯವರು, ಗಂಟಿನ ಹತ್ತಿರವೋ ಮುಖಕ್ಕೋ ಚುಚ್ಚಿಸಿಕೊಂಡವರು ನಾಳೆ ನೋಡುವ ಎಂದು ಕೂರಬಾರದು. ಒಂದು ಹೆದರಿಕೆ ಮಾತ್ರ ಬೇಡ: ನಾಯಿ ಕಚ್ಚಿದರೆ ಬರುವ ರೇಬೀಸ್ ಹಾಲೂಡಿಸುವ ಪ್ರಾಣಿಗಳ ರೋಗ, ಕೋಳಿಯಿಂದ ಬರುವುದಿಲ್ಲ.

ಆಸ್ಟ್ರೇಲಿಯಾದಲ್ಲಿ 76 ವರ್ಷದ ಒಬ್ಬ ಅಜ್ಜಿ ಗೂಡಿನಿಂದ ಮೊಟ್ಟೆ ತೆಗೆಯುವಾಗ ಹುಂಜ ಕಾಲಿಗೆ ಕುಕ್ಕಿ, ಉಬ್ಬಿದ ರಕ್ತನಾಳ ಒಡೆದು, ರಕ್ತ ಹೋಗಿ ತೀರಿಕೊಂಡದ್ದನ್ನು ಅಲ್ಲಿನ ವೈದ್ಯರು 2019ರಲ್ಲಿ ವರದಿ ಮಾಡಿದ್ದರು. ಅದು ಕೊಕ್ಕಿನ ಗಾಯ, ಮುಳ್ಳಿನದ್ದೂ ಅಲ್ಲ. ಅಪರೂಪದ ಪ್ರಕರಣ ಒಪ್ಪುತ್ತೇನೆ. ಆದರೆ ದಿನವಿಡೀ ನಿಂತು ದುಡಿದು ಕಾಲಿನ ನರ ನೀಲಿಯಾಗಿ ಗಂಟುಗಂಟಾಗಿ ಉಬ್ಬಿದ ಅಕ್ಕಂದಿರು ನಮ್ಮಲ್ಲಿ ಎಷ್ಟಿಲ್ಲ? ಅವರು ಹಾಯುವ ಹುಂಜ ಇರುವ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡದಿರುವುದು ಒಳ್ಳೆಯದು. ಅಂಥ ಕಡೆ ಗಾಯವಾದರೆ ಮಲಗಿ, ಕಾಲನ್ನು ಎತ್ತರಕ್ಕೆ ಇಟ್ಟು, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಯಾರನ್ನಾದರೂ ಕೂಗಬೇಕು.

ಇನ್ನು ಮುಳ್ಳನ್ನು ಏನು ಮಾಡುವುದು? ಒಬ್ಬೊಬ್ಬರದು ಒಂದೊಂದು ಉಪಾಯ. ಇಕ್ಕಳದಲ್ಲಿ ಹಿಡಿದು ತಿರುಚಿ ಕವಚವನ್ನೇ ಕಿತ್ತು ತೆಗೆಯುವುದು ಒಂದು. ಬಿಸಿ ಬೇಯಿಸಿದ ಬಟಾಟೆಯನ್ನು ಮುಳ್ಳಿಗೆ ಚುಚ್ಚಿಟ್ಟು, ಕವಚ ಮೆತ್ತಗಾದ ಮೇಲೆ ಎಳೆಯುವುದು ಇನ್ನೊಂದು. ಮೊಬೈಲಿನ ವಿಡಿಯೋಗಳಲ್ಲಿ ಇವೆರಡೂ ಬಹಳ ಸುಲಭವಾಗಿ ಕಾಣುತ್ತವೆ. ಕವಚ ಟೊಪ್ಪಿಯ ಹಾಗೆ ಕಳಚಿ ಬರುತ್ತದೆ, ನಿಜ. ಆದರೆ ಒಳಗೆ ಉಳಿಯುವುದು ಹಸಿ ತಿರುಳು. ದನದ ಕೊಂಬು ಮುರಿದು ಹಟ್ಟಿಯಲ್ಲಿ ರಕ್ತ ಸುರಿದದ್ದನ್ನು ಒಮ್ಮೆ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹುಂಜಕ್ಕೆ ಕೂಗಿ ಅಳಲು ಬಾರದು, ಅಷ್ಟೇ ವ್ಯತ್ಯಾಸ. ಬಟಾಟೆಯ ಬಿಸಿ ಸ್ವಲ್ಪ ತಪ್ಪಿದರೆ ಕಾಲಿನ ಚರ್ಮವೂ ಬೇಯುತ್ತದೆ. ನಮ್ಮ ಮಳೆ, ನಮ್ಮ ಕೆಸರು, ಹಟ್ಟಿಯ ಗಂಜಲ ಇವುಗಳ ನಡುವೆ ಅಂಥ ಹಸಿ ಗಾಯ ಒಣಗುವುದು ಸುಲಭ ಇಲ್ಲ. ಬುಡದಿಂದ ಗರಗಸದಲ್ಲಿ ಕೊಯ್ಯುವವರೂ ಇದ್ದಾರೆ. ಅದು ಎಲುಬು ಕೊಯ್ದ ಹಾಗೆಯೇ. ಅರಿವಳಿಕೆ ಕೊಟ್ಟು ಪಶುವೈದ್ಯರು ಮಾಡಬಹುದಾದ ಕೆಲಸವನ್ನು ಜಗಲಿಯಲ್ಲಿ ಕೂತು ಮಾಡಬಾರದು. ಈ ಮೂರಕ್ಕೂ ನನ್ನ ವಿರೋಧ ಇದೆ. ಕರುವಿನ ಕೊಂಬಿನ ಮೊಳಕೆ ಸುಡುವುದಕ್ಕೆ ಡಾಕ್ಟರನ್ನು ಕರೆಸುವ ನಾವು ಹುಂಜದ ಕಾಲಿಗೆ ಇಕ್ಕಳ ಹಾಕುವಾಗ ಯಾಕೆ ಯೋಚಿಸುವುದಿಲ್ಲ?

ಮಾಡಬೇಕಾದ್ದು ಬಹಳ ಸರಳ. ಮುಳ್ಳನ್ನು ತೆಗೆಯುವುದು ಬೇಡ, ಮೊನೆಯನ್ನು ಮೊಂಡು ಮಾಡಿದರೆ ಸಾಕು. ಹಗಲಿನಲ್ಲಿ ಅಟ್ಟಿಸಿಕೊಂಡು ಹಿಡಿಯಲು ಹೋಗಬೇಡಿ, ಹುಂಜಕ್ಕೂ ನಿಮಗೂ ಉಸಿರುಗಟ್ಟುತ್ತದೆ. ರಾತ್ರಿ ಊಟವಾದ ಮೇಲೆ, ಅದು ಗೂಡಿನಲ್ಲಿ ಕೂತು ತೂಕಡಿಸುವಾಗ ಮೆಲ್ಲನೆ ಎತ್ತಿ, ಹಳೆಯ ಬೈರಾಸಿನಲ್ಲಿ ರೆಕ್ಕೆ ಸೇರಿಸಿ ಸುತ್ತಿ, ಒಬ್ಬರು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ತಲೆಯ ಮೇಲೂ ಬಟ್ಟೆ ಸಡಿಲವಾಗಿ ಬಿದ್ದರೆ ಅದು ಕತ್ತಲೆ ಎಂದುಕೊಂಡು ಸುಮ್ಮನಿರುತ್ತದೆ. ಕಾಲು ಕೆಳಗೆ ತಲೆ ಮೇಲೆ ಇರಲಿ, ತಲೆಕೆಳಗಾಗಿ ನೇತಾಡಿಸಬೇಡಿ. ಕಾಲನ್ನು ಐದು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಕೆಸರೂ ಹೋಗುತ್ತದೆ, ಕವಚವೂ ಸ್ವಲ್ಪ ಮೆದುವಾಗುತ್ತದೆ. ಇನ್ನೊಬ್ಬರು ಟಾರ್ಚು ಹಿಡಿಯಬೇಕು. ಬಿಳಿ ಅಥವಾ ಹಳದಿ ಮುಳ್ಳಾದರೆ ಬೆಳಕಿಗೆ ಒಳಗಿನ ತಿರುಳು ಎಲ್ಲಿಯವರೆಗೆ ಇದೆ ಎಂದು ಮಸುಕಾಗಿ ಕಾಣುತ್ತದೆ. ಕಪ್ಪು ಕಾಲಿನ ಹುಂಜದಲ್ಲಿ ಕಾಣುವುದಿಲ್ಲ, ಅದಕ್ಕೆ ಇನ್ನಷ್ಟು ಜಾಗ್ರತೆ ಬೇಕು.

ಗರಗಸ ಮಸೆಯುವ ಸಣ್ಣ ಅರ ಮನೆಯಲ್ಲಿದ್ದರೆ ಅದರಿಂದಲೇ ತುದಿಯನ್ನು ಉಜ್ಜುತ್ತಾ ಬನ್ನಿ. ನನ್ನ ಅಭಿಪ್ರಾಯದಲ್ಲಿ ಕತ್ತರಿಸುವುದಕ್ಕಿಂತ ಇದೇ ಒಳ್ಳೆಯದು. ನಿಧಾನ, ಆದರೆ ಕವಚ ಸೀಳುವುದಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ಕೈಗೇ ಗೊತ್ತಾಗುತ್ತದೆ. ಬಹಳ ಉದ್ದವಾದ ಹಳೇ ಮುಳ್ಳಾದರೆ ತುದಿಯ ಕಾಲು ಭಾಗವನ್ನು ಮಾತ್ರ ಗಟ್ಟಿ ಉಗುರುಕತ್ತರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ, ಆಮೇಲೆ ಅರದಲ್ಲಿ ಉರುಟು ಮಾಡುವುದು. ಎಳೇ ಹುಂಜದಲ್ಲಿ ತಿರುಳು ತುದಿಯ ಹತ್ತಿರವೇ ಇರುತ್ತದೆ, ಅಲ್ಲಿ ಕತ್ತರಿ ಬೇಡವೇ ಬೇಡ. ಬೆರಳಿಟ್ಟು ಒತ್ತಿದಾಗ ಚುಚ್ಚದಿದ್ದರೆ ಕೆಲಸ ಮುಗಿಯಿತು. ಕೈಯಲ್ಲಿ ಹುಂಜ ಇರುವಾಗಲೇ ಬೆರಳಿನ ಉಗುರುಗಳ ಮೊನೆಯನ್ನೂ ಉಜ್ಜಿಬಿಡಿ. ಹೇಂಟೆಯ ಬೆನ್ನನ್ನು ಎಷ್ಟೋ ಸಲ ಹರಿಯುವುದು ಆ ಉಗುರುಗಳು, ಬೈಗುಳ ಮಾತ್ರ ಮುಳ್ಳಿಗೆ. ರಕ್ತ ಒಸರಿದರೆ ಗಾಬರಿ ಬೇಡ. ಅರಸಿನಪುಡಿ ಒತ್ತಿ, ಶುದ್ಧ ಬಟ್ಟೆಯಲ್ಲಿ ಐದು ನಿಮಿಷ ಬಿಡದೆ ಹಿಡಿದರೆ ನಿಲ್ಲುತ್ತದೆ, ಆ ರಾತ್ರಿ ಒಂಟಿಯಾಗಿ ಇಡಬೇಕು. ನಿಲ್ಲದಿದ್ದರೆ, ಅಥವಾ ಎರಡು ದಿನ ಬಿಟ್ಟು ಕಾಲು ಬಾತು ಬಿಸಿಯಾದರೆ ಡಾಕ್ಟರಿಗೆ ತೋರಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ ಕೇಳಬಹುದು. ಹೀಗೆ ಎರಡು ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು, ಪ್ರತಿ ಸಲ ಕಾಲು ಗಂಟೆಯ ಕೆಲಸ. ಮಳೆ ಹಿಡಿಯುವ ಮೊದಲು, ಮೇ ತಿಂಗಳ ಒಳಗೆ ಒಮ್ಮೆ ತಪ್ಪದೆ ಆಗಬೇಕು, ಆಟಿಯ ಕೆಸರಿನಲ್ಲಿ ಹೊಸ ಗಾಯ ಮಾಡಿಕೊಳ್ಳುವುದು ಬೇಡ.

ಆದರೆ ಎಷ್ಟು ಅರ ಉಜ್ಜಿದರೂ ನಾಲ್ಕು ಹೇಂಟೆಗೆ ಎರಡು ಹುಂಜ ಇರುವ ಗೂಡಿನಲ್ಲಿ ಹೇಂಟೆಯ ಬೆನ್ನು ಉಳಿಯುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಧಾರಾಳ ಸಾಕು. ಬರೀ ತಿನ್ನುವ ಮೊಟ್ಟೆಗಾದರೆ ಹುಂಜವೇ ಬೇಡ, ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಆಗುವುದಿಲ್ಲ ಅಷ್ಟೇ. ಇದನ್ನು ಇನ್ನೂ ನಂಬದವರಿದ್ದಾರೆ. ಗಿರಿರಾಜ, ಸ್ವರ್ಣಧಾರದಂಥ ತಳಿಯ ಹುಂಜ ಸಾಕುವವರು ಇನ್ನೊಂದು ನೋಡಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ತಳಿಗಳು ಹಿತ್ತಲ ಸಾಕಣೆಗೆ ಒಳ್ಳೆಯವು, ಆದರೆ ಹುಂಜ ನಮ್ಮ ಊರ ಹೇಂಟೆಗಿಂತ ಬಹಳ ಭಾರ. ಸಣ್ಣ ಊರ ಹೇಂಟೆಗಳ ನಡುವೆ ಅಂಥ ಹುಂಜ ಬಿಟ್ಟರೆ ಜಾರುವುದೂ ಹೆಚ್ಚು, ಹರಿಯುವುದೂ ಹೆಚ್ಚು.

ಮನುಷ್ಯರ ಮೇಲೆ ಹಾರುವ ಹುಂಜದ ವಿಷಯದಲ್ಲಿ ನನಗೆ ಕರುಣೆ ಸ್ವಲ್ಪ ಕಡಿಮೆ. ಒದೆಯಬೇಡಿ, ಒದ್ದರೆ ಅದಕ್ಕೆ ಇನ್ನೊಂದು ಹುಂಜ ಕಾದಾಡಲು ಬಂದ ಹಾಗೆ, ಹಟ ಹೆಚ್ಚುತ್ತದೆ. ಓಡಬೇಡಿ, ಓಡಿದರೆ ಗೆದ್ದೆ ಎಂದುಕೊಳ್ಳುತ್ತದೆ. ಕೈಯಲ್ಲಿ ಬಕೆಟನ್ನು ಅಡ್ಡ ಹಿಡಿದು ನಿಂತಲ್ಲೇ ನಿಲ್ಲಿ. ಕೆಲವು ಹುಂಜ ಸರಿಯಾಗುತ್ತವೆ. ಸರಿಯಾಗದೆ ಅಂಗನವಾಡಿಗೆ ಹೋಗುವ ಮಗುವಿನ ಮುಖದೆತ್ತರಕ್ಕೆ ಹಾರುವ ಹುಂಜಕ್ಕೆ ಗಸಿಯೇ ಗತಿ. ಅದರ ಮೊಟ್ಟೆ ಮರಿಗೆ ಇಡಲೂ ಬೇಡಿ, ಸಿಡುಕು ಮರಿಗೂ ಬರುತ್ತದೆ.

ಇಲ್ಲಿಗೆ ಬಂದಾಗ ಮನೆಯಲ್ಲಿ ಜಗಳ ಶುರುವಾಗುತ್ತದೆ. ನುಚ್ಚು ಹಾಕಿದ್ದು ಅವಳು, ಗಿಡುಗನಿಂದ ಕಾದದ್ದು ಅವಳು. ಆದರೆ ಹುಂಜದ ಮುಳ್ಳು ಉಜ್ಜುವ ಎಂದರೆ ಗಂಡನೋ ಮಗನೋ ಅಡ್ಡ ಬರುತ್ತಾರೆ. ಮುಳ್ಳು ಹೋದರೆ ಹುಂಜದ ಗಂಡಸುತನ ಹೋಯಿತಂತೆ, ಅಂಕಕ್ಕೆ ಆಗಲಿಕ್ಕಿಲ್ಲವಂತೆ. ನಮ್ಮ ಸಂಘದ ಒಬ್ಬ ಸದಸ್ಯೆಯ ಮಾತು ಕೇಳಿ: “ಅಕ್ಕಾ, ಹೇಂಟೆ ಸತ್ತರೆ ನನ್ನ ನಷ್ಟ, ಹುಂಜ ಗೆದ್ದರೆ ಅವರ ಹೆಸರು.” ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ತುಳುನಾಡಿನಲ್ಲಿ ಕೋರಿದ ಕಟ್ಟ ಇವತ್ತು ನಿನ್ನೆಯದಲ್ಲ. ದೈವಸ್ಥಾನದ ನೇಮದ ಜೊತೆ, ಜಾತ್ರೆಯ ಜೊತೆ ಬಂದದ್ದು, ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗವೇ ಇದೆ. ನಂಬಿಕೆಯ ಮಾತನ್ನು ಹಿರಿಯರಿಗೆ ಬಿಡುತ್ತೇನೆ. ನನ್ನ ತಕರಾರು ತೋಟದ ಮೂಲೆಯಲ್ಲಿ ಹಣ ಕಟ್ಟಿ ಆಡುವ ಆಟದ ಬಗ್ಗೆ. ಅಲ್ಲಿ ಕೊಲ್ಲುವುದು ಹುಂಜದ ಮುಳ್ಳೂ ಅಲ್ಲ, ಕಾಲಿಗೆ ಕಟ್ಟುವ ಬಾಳುಕತ್ತಿ. 2021ರ ಫೆಬ್ರವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ ಅಂಕಕ್ಕೆ ತಂದ ಹುಂಜ ಕೈಯಿಂದ ಬಿಡಿಸಿಕೊಳ್ಳುವಾಗ ಅದರ ಕಾಲಿನ ಕತ್ತಿ ತೊಡೆಸಂದಿಗೆ ತಾಗಿ ಅದರ ಯಜಮಾನನೇ ಸತ್ತದ್ದು ಪತ್ರಿಕೆಗಳಲ್ಲಿ ಬಂದಿತ್ತು. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆ ಕಾಯ್ದೆ ಮೊದಲ ಸಲದ ತಪ್ಪಿಗೆ ಇಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ಆ ಹಣಕ್ಕೆ ಇವತ್ತು ಊರ ಕೋಳಿಯ ಒಂದು ಕಾಲೂ ಬರಲಿಕ್ಕಿಲ್ಲ. ಕಾನೂನಿನ ಹೆದರಿಕೆ ಅಷ್ಟರಲ್ಲೇ ಇದೆ, ಆದ್ದರಿಂದ ಮನೆಯೊಳಗೇ ಮಾತಾಗಬೇಕು. ಜೂಜಿಗೆ ಹೋದ ಹುಂಜದ ಜೊತೆ ಅವಳು ಒಂದು ವರ್ಷ ಹಾಕಿದ ಕಾಳು ಹೋಗುತ್ತದೆ, ಅದನ್ನು ಮಾರಿದ್ದರೆ ಬರುತ್ತಿದ್ದ ಹಣ ಹೋಗುತ್ತದೆ, ಕೆಲವೊಮ್ಮೆ ಆ ವಾರದ ಹಾಲಿನ ಹಣವೂ ಪಣಕ್ಕೆ ಹೋಗುತ್ತದೆ. ಸಾಕಿದವಳನ್ನು ಕೇಳದೆ ಹುಂಜವನ್ನು ಅಂಗಳ ದಾಟಿಸಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ, ಯಾರಿಗೆ ಸಿಟ್ಟು ಬಂದರೂ ಬರಲಿ.

ಹಟ್ಟಿಯ ವಿಷಯ ಒಂದೆರಡು ಮಾತು. ಕೋಳಿ ಹಟ್ಟಿಯ ಸುತ್ತ ಇರುವುದು ದನಕ್ಕೂ ಲಾಭವೇ. ಉಣ್ಣಿಯನ್ನು ಅವು ಹೆಕ್ಕಿ ತಿನ್ನುತ್ತವೆ. ಆಫ್ರಿಕದ ಕೆನ್ಯಾದಲ್ಲಿ ವಿಜ್ಞಾನಿಗಳು ದನಗಳ ನಡುವೆ ಮೇಯ್ದ ಕೋಳಿಗಳ ಹೊಟ್ಟೆ ಬಿಡಿಸಿ ಉಣ್ಣಿಗಳನ್ನು ಎಣಿಸಿ ನೋಡಿದ್ದಾರೆ. ಮಿಶ್ರತಳಿ ದನಕ್ಕೆ ಥೈಲೇರಿಯಾ ತರುವುದು ಉಣ್ಣಿಯೇ ಎಂದು ನಮಗೆಲ್ಲ ಗೊತ್ತು. ಆದರೆ ಹಾಲು ಕರೆಯುವ ಹೊತ್ತಿಗೆ ಹುಂಜ ಹಟ್ಟಿಯೊಳಗೆ ಬೇಡ. ಅದು ರೆಕ್ಕೆ ಬಡಿದು ಹಾರಿದರೆ ದನ ಬೆದರಿ ಒದೆಯುತ್ತದೆ, ಸೇರಿಸುವುದು ನಿಲ್ಲಿಸುತ್ತದೆ. ಬಾಯಿ ತೆರೆದ ಹಿಂಡಿಯ ಚೀಲದ ಮೇಲೆ, ಮೇವಿನ ಬಾನಿಯ ಅಂಚಿನಲ್ಲಿ ಕೋಳಿ ಕೂರಲು ಬಿಡಬಾರದು. ಸತ್ತ ಕೋಳಿಯನ್ನು ಬೈಹುಲ್ಲಿನ ಹತ್ತಿರ ಎಸೆಯಲೇಬಾರದು, ಆಳವಾಗಿ ಹೂಳಬೇಕು. ಕೊಳೆತ ಕೋಳಿ ಸೇರಿದ ಮೇವಿನಿಂದ ದನಕ್ಕೆ ಕೈಕಾಲು ಸೋತು ಬೀಳುವ ವಿಷಬಾಧೆ ಬರುತ್ತದೆ.

ಒಕ್ಕೂಟದವರಲ್ಲಿ ನನ್ನದೊಂದು ಕೇಳಿಕೆ. ಕೆಚ್ಚಲು ಬಾವು, ಹಸಿರು ಮೇವು, ಕರು ಸಾಕಣೆ ಎಂದು ನಮಗೆ ಎಷ್ಟೋ ತರಬೇತಿ ಆಗಿದೆ, ಅದರ ಲಾಭವೂ ಸಿಕ್ಕಿದೆ. ಮಹಿಳಾ ಸಂಘಗಳ ತರಬೇತಿಯಲ್ಲಿ ಅರ್ಧ ಗಂಟೆ ಕೋಳಿಗೂ ಕೊಡಿ. ಜಾನುವಾರು ಶಿಬಿರಕ್ಕೆ ಡಾಕ್ಟರು ಬಂದ ದಿನ ಬುಟ್ಟಿಯಲ್ಲಿ ಒಂದು ಹುಂಜ ತರಿಸಿ, ಮುಳ್ಳು ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಎಲ್ಲರ ಎದುರು ಒಮ್ಮೆ ಮಾಡಿ ತೋರಿಸಲಿ. ಓದಿ ಕಲಿಯುವುದಕ್ಕಿಂತ ಕೈ ನೋಡಿ ಕಲಿಯುವುದು ಬೇಗ. ಕೊಕ್ಕರೆ ರೋಗದ ಲಸಿಕೆ ಬಾಟಲಿ ಒಡೆದರೆ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಒಬ್ಬೊಬ್ಬರೇ ತಂದರೆ ಹೆಚ್ಚಿನದು ಚೆಲ್ಲಿ ಹೋಗುತ್ತದೆ. ಸಂಘದ ಹತ್ತು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಂಡರೆ ಒಂದು ಬಾಟಲಿ ಎಲ್ಲರಿಗೂ ಸಾಕು. ಆ ದಿನವೇ ಅರವನ್ನೂ ಮನೆಯಿಂದ ಮನೆಗೆ ದಾಟಿಸಬಹುದು, ಎಲ್ಲರೂ ಕೊಳ್ಳಬೇಕೆಂದಿಲ್ಲ. ಒಂದು ಹುಂಜದ ಕಾಲಿಗೆ ಬಳಸಿದ ಅರವನ್ನು ಬಿಸಿನೀರು ಸಾಬೂನಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಇನ್ನೊಂದು ಮನೆಗೆ ಕೊಡಿ.